ಗುಳಿಗೆ ಎಸೆದ ಕೈ

ಫಿಲ್ಮು ಹರಿದದ್ದು ಮದ್ದೂರಿನಲ್ಲಿ, ಸಂತೆಯ ದಿನ. ಹರಿಯಿತು ಅನ್ನುವುದಕ್ಕಿಂತ ಯಂತ್ರ ಅದನ್ನು ಅಗಿದು ಉಗುಳಿತು ಅನ್ನುವುದೇ ಸರಿ. ಅಂಚಿನ ತೂತುಗಳು ಸವೆದಿದ್ದ ಕಡೆ ಚಕ್ರದ ಹಲ್ಲು ಜಾರಿತು, ಓಡುತ್ತಿದ್ದ ಫಿಲ್ಮು ದೀಪದ ಎದುರು ನಿಂತುಬಿಟ್ಟಿತು. ಪರದೆಯ ಮೇಲೆ ಚಿತ್ರ ಕಂದಿ, ನಡುವೆ ಒಂದು ಕಂದು ಗುಳ್ಳೆ ಎದ್ದಿತು. ಜನ ಅದೂ ಆಟದ ಭಾಗವೇ ಎಂದುಕೊಂಡು ಸಿಳ್ಳೆ ಹಾಕಿದರು. ನಾನು ದೀಪ ಆರಿಸಿ ಸುಟ್ಟು ಸುಕ್ಕಾದ ಭಾಗವನ್ನು ಎಳೆದು ತೆಗೆದೆ. ಹೆಚ್ಚೇನಿಲ್ಲ, ಒಂದು ಮೊಳ. ಕತ್ತರಿಸಿ ಬಿಸಾಕಿದೆ. ಎರಡು ತುದಿಗಳ ಲೇಪವನ್ನು ಬ್ಲೇಡಿನಿಂದ ಕೆರೆದು, ಅಂಟು ಸವರಿ, ಒತ್ತಿ ಹಿಡಿದು ಇಪ್ಪತ್ತು ಎಣಿಸಿ, ಆಟ ಮುಂದುವರಿಸಿದೆ. ಅಂಥ ಬೆಸುಗೆಗಳನ್ನು ವಾರಕ್ಕೆರಡಾದರೂ ಹಾಕುತ್ತಿದ್ದೆ. ಅದರಲ್ಲಿ ಯೋಚನೆ ಮಾಡುವಂಥದ್ದು ಏನೂ ಇರಲಿಲ್ಲ.

ಅದು ಯುದ್ಧದ ಕಾಲ. ನಾಲೆಯ ನೀರು ಹರಿದ ಮೇಲೆ ಮಂಡ್ಯದ ಸುತ್ತ ಕಬ್ಬು ಬಂತು, ಭತ್ತ ಬಂತು, ಹಿಂದೆಯೇ ಚಳಿಜ್ವರವೂ ಬಂತು. ಊರೂರಿಗೆ ಹೋಗಿ ಜ್ವರದ ವಿಷಯ ತಿಳಿಸಲು ಸರ್ಕಾರದ ಒಂದು ವ್ಯಾನು ಇತ್ತು. ಅದನ್ನು ಓಡಿಸುವವನೂ ನಾನೇ, ಚಿತ್ರ ತೋರಿಸುವವನೂ ನಾನೇ. ಜೊತೆಗೆ ಒಬ್ಬರು ಡಾಕ್ಟರು, ಒಬ್ಬರು ಭಾಷಣಕಾರರು. ಎರಡೇ ಫಿಲ್ಮು, ಎರಡೂ ಮೂಕಿ, ಎರಡೂ ಬೇರೆ ಯಾವುದೋ ಪ್ರಾಂತ್ಯದಲ್ಲಿ ತೆಗೆದವು. ಒಂದು ಚಳಿಜ್ವರದ್ದು, ಇನ್ನೊಂದು ಗೊಬ್ಬರದ ಗುಂಡಿ ಮಾಡುವುದು ಹೇಗೆಂಬುದರದ್ದು. ಚಿತ್ರ ಓಡುವಾಗ ಭಾಷಣಕಾರರು ತಗಡಿನ ಕೊಳವೆ ಹಿಡಿದು ಕತೆ ಹೇಳುತ್ತಿದ್ದರು. ಅವರ ಕನ್ನಡ ಪುಸ್ತಕದ ಕನ್ನಡ, ಸಾಲದ್ದಕ್ಕೆ ಡೈನಮೋ ಸದ್ದು. ಆದರೂ ಅಷ್ಟಿಷ್ಟು ಜನರಿಗೆ ತಲುಪುತ್ತಿತ್ತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ನನ್ನ ತಪ್ಪಿನ ಬೇರು ಅಲ್ಲಿದೆ. ಆ ಜ್ವರದ ಚಿತ್ರವನ್ನು ನಾನು ನೂರಾರು ಸಲ ಓಡಿಸಿದ್ದೆ, ಒಂದು ಸಲವೂ ನೋಡಿರಲಿಲ್ಲ. ಓಡಿಸುವವನ ಕಣ್ಣು ಯಂತ್ರದ ಮೇಲಿರುತ್ತದೆ: ಫಿಲ್ಮಿನ ಕುಣಿಕೆ ಸಡಿಲಾಯಿತೇ, ದೀಪ ಕಾದಿದೆಯೇ, ಸುರುಳಿ ಮುಗಿಯಿತೇ. ಪರದೆಯ ಮೇಲೆ ಏನಾದರೂ ನಡೆಯಲಿ, ಮಸುಕಾಗದಿದ್ದರೆ ಸಾಕು. ಅಡುಗೆ ಭಟ್ಟನಿಗೆ ಮದುವೆ ಹೆಣ್ಣಿನ ಮುಖ ಗೊತ್ತಿರುವುದಿಲ್ಲ, ನನ್ನದೂ ಅದೇ ಪಾಡು.

ಮದ್ದೂರಿನಿಂದ ನಾವು ಹೋದದ್ದು ಕೊತ್ತತ್ತಿಯ ಆಚೆಗಿನ ಒಂದು ಹಳ್ಳಿಗೆ. ಅಲ್ಲಿಗೆ ಡಾಕ್ಟರು ಆಗಾಗ ಹೋಗುತ್ತಿದ್ದರು, ಹಿಂದಿನ ವಾರವೂ ಮನೆಮನೆಗೆ ಕ್ವಿನೈನ್ ಗುಳಿಗೆ ಹಂಚಿ ಬಂದಿದ್ದರು. ಸಂಜೆಗೆ ಆಟ. ಆದರೆ ಮಧ್ಯಾಹ್ನದಿಂದಲೇ ಭಾಷಣಕಾರರು ಹಲ್ಲು ಕಟಕಟ ಕಡಿಯುತ್ತ, ವ್ಯಾನಿನೊಳಗೆ ಎರಡು ಕಂಬಳಿ ಹೊದ್ದು ಮಲಗಿಬಿಟ್ಟರು. ಚಳಿಜ್ವರದ ವಿರುದ್ಧ ಭಾಷಣ ಮಾಡುವವರನ್ನೇ ಚಳಿಜ್ವರ ಹಿಡಿದಿತ್ತು. ಆಟ ಬೇಡವೆಂದರು ಡಾಕ್ಟರು. "ಮಾತಿಲ್ಲದಿದ್ರೆ ಏನಾಯ್ತು ಸಾರ್, ಚಿತ್ರ ತಾನಾಗೇ ಹೇಳುತ್ತೆ" ಎಂದವನು ನಾನು.

ತೋರಿಸಿದೆ. ಯಾರೂ ಸಿಳ್ಳೆ ಹಾಕಲಿಲ್ಲ. ಮುಗಿದಾಗ ಜನ ಒಂದು ಮಾತೂ ಆಡದೆ ಎದ್ದು ಹೋದರು. ಚಿತ್ರ ಚೆನ್ನಾಗಿ ನಾಟಿದೆ ಎಂದುಕೊಂಡು ನಾನು ಖುಷಿಯಾಗಿ ನಿದ್ದೆ ಮಾಡಿದೆ.

ಬೆಳಿಗ್ಗೆ ಚಾವಡಿಯಲ್ಲಿ ಡಾಕ್ಟರು ಮೇಜು ಹಾಕಿಕೊಂಡು ಕೂತರೆ ಗುಳಿಗೆಗೆ ಒಬ್ಬರೂ ಬರಲಿಲ್ಲ. ಬಂದವರೂ ಹಳೆಯ ಪೊಟ್ಟಣಗಳನ್ನು ಜಗಲಿಯ ಮೇಲಿಟ್ಟು ಹೋದರು. "ನಿಮ್ ಮದ್ದು ನಿಮ್ಗೇ ಇರ್ಲಿ ಬುಡಿ ಸ್ವಾಮಿ" ಎಂದ ಒಬ್ಬ ರೈತ, ಮುಖ ಕೊಡದೆ. ಡಾಕ್ಟರು ಕೆಂಡವಾದರು. ಇಂಥ ಕಾಲದಲ್ಲಿ ಕ್ವಿನೈನ್ ಸಿಗುವುದೇ ದುರ್ಲಭ, ಕಾಡಿ ಬೇಡಿ ತಂದರೆ ಈ ಮಂಕುಗಳು ವಾಪಸು ಕೊಡುತ್ತಾರಲ್ಲ ಎಂದು ಕೂಗಾಡಿದರು. ಆಮೇಲೆ ಚೀಲ ಎತ್ತಿಕೊಂಡು "ಬಾರಯ್ಯ" ಎಂದು ನನ್ನನ್ನೂ ಕರೆದುಕೊಂಡು ಒಂದು ಮನೆಗೆ ಹೊರಟರು.

ಆ ಮನೆಯಲ್ಲಿ ಐದು ವರ್ಷದ ಹೆಣ್ಣುಕೂಸಿಗೆ ದಿನ ಬಿಟ್ಟು ದಿನ ಜ್ವರ. ಎರಡು ತಿಂಗಳ ಹಿಂದೆ ಅದರ ಅಣ್ಣ, ಏಳು ವರ್ಷದವನು, ಇದೇ ಜ್ವರದಲ್ಲಿ ತೀರಿಕೊಂಡಿದ್ದ. ಕೂಸಿನ ತಾಯಿ ಬಾಗಿಲಿಗೆ ಅಡ್ಡ ನಿಂತಳು. ಒಳಗೆ ಅತ್ತೆ, ಬಿಳಿಗೂದಲಿನ ವಿಧವೆ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು.

"ಗುಳ್ಗೆ ಬ್ಯಾಡ ಸ್ವಾಮಿ" ಎಂದಳು ತಾಯಿ.

"ಯಾಕಮ್ಮ ಬೇಡ?"

ಅವಳು ನನ್ನ ಕಡೆ ಕೈ ತೋರಿಸಿದಳು. "ಈ ಸಾಬ್ರೇ ತೋರ್ಸುದ್ರಲ್ಲ ಪರದೆ ಮ್ಯಾಲೆ. ಡಾಕುಟ್ರು ಬಂದ್ರು, ಅವ್ಳ್ ಕೈಗೆ ಗುಳ್ಗೆ ಕೊಟ್ರು, ಕೂಸು ಸತ್ತೋಯ್ತು. ನಮ್ಮನೇಲೂ ಅಂಗೇ ಆಗಿದ್ದು. ನನ್ ಮಗುಂಗೂ ನಿಮ್ ಗುಳ್ಗೆನೇ ಕೊಟ್ಟಿದ್ದು. ಮೂರ್ನೇ ದಿನುಕ್ಕೆ ಓದ."

"ಇಲ್ಲ ಕಣಮ್ಮ" ಎಂದೆ ನಾನು, ಭಾಷಣಕಾರರ ಬಾಯಲ್ಲಿ ಕೇಳಿ ಕೇಳಿ ಗೊತ್ತಿದ್ದ ಕತೆ. "ಚಿತ್ರದಲ್ಲಿ ಆಯಮ್ಮ ಗುಳಿಗೆ ಕಹಿ ಅಂತ ಮೂಲೆಗೆ ಎಸೀತಾಳೆ. ಅದಕ್ಕೇ ಕೂಸು ಸಾಯೋದು."

"ಎಲ್ಲೆಸುದ್ಲು? ನಾನೇನ್ ಕುಲ್ಡೀನಾ? ಮುಂದ್ಗಡೆನೇ ಕುಂತಿದ್ನಲ್ಲ!"

ಒಳಗಿನಿಂದ ಅತ್ತೆ ಮೆಲ್ಲಗೆ ಹೇಳಿದರು: "ಮಗೀಗೆ ನಾನೇ ಕುಡುಸ್ತಿದ್ದೆ ಸ್ವಾಮಿ. ಇವ್ಳು ಕಳೆ ಕೀಳಕ್ಕೆ ಓಯ್ತಿದ್ಲು. ಒತ್ತೊತ್ತಿಗೂ ಕೊಟ್ಟೆ."

"ಕೇಳುದ್ರಾ? ಒತ್ತೊತ್ತಿಗೂ ಕೊಟ್ಟವ್ರೆ. ಕೊಟ್ಟಿದ್ಕೇ ಓದ" ಎಂದಳು ಸೊಸೆ.

ಡಾಕ್ಟರು ಅವಳನ್ನು ದಾಟಿ ಒಳಗೆ ಹೋಗಿ, ಕೂಸಿನ ಹೊಟ್ಟೆ ಮುಟ್ಟಿ ನೋಡಿ ಹೊರಗೆ ಬಂದರು. ದಾರಿಯಲ್ಲಿ ಹೇಳಿದರು: "ಇವತ್ತು ಜ್ವರಕ್ಕೆ ಬಿಡುವಿನ ದಿನ. ನಾಳೆ ಸಂಜೆಗೆ ಮತ್ತೆ ಜ್ವರ ಬರುತ್ತೆ. ಆ ಹುಡುಗನಿಗೆ ತಲೆಗೇರಿ ಹೋಯ್ತು, ಗುಳಿಗೆ ಶುರು ಮಾಡಿದಾಗಲೇ ಹೊತ್ತು ಮೀರಿತ್ತು. ಇದೂ ಅದೇ ದಾರಿ ಹಿಡಿದಿದೆ. ನಾಳೆ ಸಂಜೆಯೊಳಗೆ ಗುಳಿಗೆ ಹೊಟ್ಟೆ ಸೇರಬೇಕು." ಬಾಯಿ ತೆರೆಸಿ ಹಾಕಿಬಿಡಬಹುದಲ್ಲ ಎಂದೆ. "ಇವತ್ತು ಹಾಕ್ತೀನಿ. ಆಮೇಲೆ ವಾರವೆಲ್ಲ ಯಾರು ಹಾಕ್ತಾರೆ? ನೀನಾ?" ಎಂದರು.

ನಾಲೆಯ ಏರಿಯ ಮೇಲೆ, ಹೊಂಗೆಮರದ ಕೆಳಗೆ ವ್ಯಾನು ನಿಲ್ಲಿಸಿ ಜ್ವರದ ಸುರುಳಿ ಬಿಚ್ಚಿದೆ. ಫಿಲ್ಮಿನ ಚೌಕಗಳು ಕಿರುಬೆರಳ ಉಗುರಿನಷ್ಟು. ಬರಿಗಣ್ಣಿಗೆ ನಿಲುಕುವುದಿಲ್ಲ. ಪ್ರೊಜೆಕ್ಟರಿನ ಮಸೂರವನ್ನೇ ತಿರುಪಿ ಬಿಚ್ಚಿಕೊಂಡು, ಅದರೊಳಗಿಂದ ಫಿಲ್ಮನ್ನು ಬಿಸಿಲಿಗೆ ಹಿಡಿದು ಒಂದೊಂದೇ ಚೌಕ ನೋಡುತ್ತ ಹೋದೆ. ನಿಂತ ನೀರು. ಸೊಳ್ಳೆ. ಮನೆ ಬಾಗಿಲಿಗೆ ಬರುವ ಡಾಕ್ಟರು. ತಾಯಿಯ ಬಳೆಗೈ, ಅಂಗೈಯಲ್ಲಿ ಎರಡು ಗುಳಿಗೆ. ಬೆರಳು ಮಡಿಸುತ್ತಾಳೆ. ಮುಷ್ಟಿ ಪೂರ್ತಿ ಮುಚ್ಚುತ್ತದೆ. ಆಮೇಲೆ ನನ್ನ ಬೆಸುಗೆಯ ಗೀರು. ಗೀರಿನ ಆಚೆಗಿನ ಮೊದಲ ಚೌಕದಲ್ಲೇ ಕೂಸು, ತಲೆ ಒಂದು ಕಡೆಗೆ ಹೊರಳಿದೆ. ಮುಂದೆ ಖಾಲಿ ತೊಟ್ಟಿಲು.

ಎಸೆಯುವ ಚಿತ್ರ ಇರಲಿಲ್ಲ. ಮದ್ದೂರಿನ ಸಂತೆಮಾಳದಲ್ಲಿ ನಾನು ಬಿಸಾಕಿದ ಮೊಳ ಅದೇ. ಪರದೆಯ ಮೇಲೆ ಲೆಕ್ಕ ಹಾಕಿದರೆ ನಾಲ್ಕು ಎಣಿಸುವಷ್ಟು ಹೊತ್ತು. ಆ ನಾಲ್ಕು ಎಣಿಕೆ ಹೋದದ್ದಕ್ಕೆ ಮದ್ದು ವಿಷವಾಗಿತ್ತು. ಆ ಮನೆಯ ತಾಯಿ ತಪ್ಪು ನೋಡಿರಲಿಲ್ಲ. ನಾನು ತೋರಿಸಿದ್ದನ್ನೇ, ತೋರಿಸಿದ ವರಸೆಯಲ್ಲೇ ನೋಡಿದ್ದಳು. ಗುಳಿಗೆಯಿಂದ ಕೂಸು ಸತ್ತಿತು ಎಂದು ಹೇಳುವ ಚಿತ್ರ ಆ ಸುರುಳಿಯಲ್ಲಿ ಒಂದೂ ಇಲ್ಲ. ಎರಡು ಚಿತ್ರ ಒಂದರ ಬೆನ್ನಿಗೊಂದು ಬಂದದ್ದರಿಂದ ಅದು ಹುಟ್ಟಿತ್ತು, ಹುಟ್ಟಿಸಿದವನು ನಾನು.

ಡಾಕ್ಟರಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಮರಕ್ಕೆ ಒರಗಿ ಕೂತರು. ಹೊಸ ಪ್ರತಿ ತರಿಸೋಣವೆಂದರೆ ಯುದ್ಧ ಮುಗಿಯುವವರೆಗೆ ಸಿಗುವುದಿಲ್ಲ. ಊರಿಗೆ ತಿಳಿಸಿ ಹೇಳೋಣವೆಂದರೆ, ಕಣ್ಣಾರೆ ಕಂಡದ್ದನ್ನು ಬಿಟ್ಟು ನಮ್ಮ ಬಾಯಿಮಾತು ನಂಬುವವರು ಯಾರು? ಕೂಸು ಸಾಯುವ ಭಾಗವನ್ನೇ ತೆಗೆದುಬಿಡಲೇ ಎಂದು ಯೋಚಿಸಿದೆ. ನೆನ್ನೆ ಕಂಡದ್ದು ಇವತ್ತು ಕಾಣದಿದ್ದರೆ ಮುಚ್ಚಿಟ್ಟರು ಎನ್ನುತ್ತಾರೆ. ಬೇಕಾಗಿದ್ದದ್ದು ಒಂದೇ: ಏನನ್ನಾದರೂ ಎಸೆಯುವ ಒಂದು ಕೈ.

ಅಂಥ ಕೈ ಗೊಬ್ಬರದ ಫಿಲ್ಮಿನಲ್ಲಿತ್ತು. ಮುಖ ಕಾಣದ ಒಬ್ಬ ಹೆಂಗಸು ಬುಟ್ಟಿಯಿಂದ ಬೂದಿ, ಸಗಣಿ ಎತ್ತಿ ಗುಂಡಿಗೆ ಹಾಕುತ್ತಾಳೆ. ಆಮೇಲೆ ಕೈಯೊಂದೇ ಪರದೆಯ ತುಂಬ. ಸುರುಳಿ ಬಿಚ್ಚಿ ಅದನ್ನು ಹುಡುಕಿ ತೆಗೆದೆ. ಆದರೆ ಕತ್ತರಿ ಹಾಕಲು ಕೈ ಬರಲಿಲ್ಲ. ಸುಟ್ಟದ್ದನ್ನು ಕತ್ತರಿಸಬಹುದು, ಸರಿಯಿರುವ ಸರ್ಕಾರಿ ಫಿಲ್ಮನ್ನು ಕತ್ತರಿಸಿದರೆ ಕೆಲಸ ಹೋಗುತ್ತದೆ. ಡಾಕ್ಟರ ಮುಖ ನೋಡಿದೆ.

"ನಾನು ನಾಲೆಯಲ್ಲಿ ಮುಖ ತೊಳೆದು ಬರ್ತೀನಿ" ಎಂದು ಅವರು ಎದ್ದು ಹೋದರು. ಅವರು ಅರ್ಧ ಗಂಟೆ ಮುಖ ತೊಳೆದರು.

ಕತ್ತರಿಸಿದೆ. ಎಲ್ಲಿಂದ ಎಲ್ಲಿಗೆ ಎಂಬುದೇ ಕಷ್ಟ. ಬುಟ್ಟಿಯ ಅಂಚು ಕಂಡರೆ ಅದು ಗೊಬ್ಬರ. ಬುಟ್ಟಿ ಕಾಣದೆ ಬರೀ ಮುಷ್ಟಿ ಕಂಡರೆ ಗುಳಿಗೆ. ಮೊದಲಿನ ಚೌಕಗಳನ್ನು ಒಂದೊಂದಾಗಿ ಬಿಟ್ಟು, ಮುಷ್ಟಿ ಸಡಿಲಾಗುವ ಕಡೆಯಿಂದ, ಕೈ ಕೆಳಗಿಳಿದು ಬರಿದಾಗುವವರೆಗೆ ನಲವತ್ತೆಂಟು ಚೌಕ ಇಟ್ಟುಕೊಂಡೆ. ಲೇಪದ ಮಗ್ಗುಲು ತಿರುಗುಮುರುಗಾದರೆ ಚಿತ್ರ ಮಸುಕಾಗುತ್ತದೆ, ತುಟಿಗೆ ತಾಗಿಸಿ ಅಂಟುವ ಲೇಪದ ಕಡೆ ಯಾವುದೆಂದು ಗೊತ್ತುಮಾಡಿಕೊಂಡೆ. ಬೆವರಿದ ಬೆರಳಿನಿಂದ ಎರಡು ಸಲ ಬೆಸುಗೆ ಬಿಟ್ಟಿತು. ಮೂರನೆಯ ಸಲ ಕೂತಿತು.

ಮಾರನೆಯ ದಿನ ಸಂಜೆಗೆ ನಾವು ಮಳವಳ್ಳಿಯಲ್ಲಿರಬೇಕಿತ್ತು, ಕೂಸಿಗೆ ಜ್ವರ ಬರುವುದೂ ಸಂಜೆಗೇ. ಆದ್ದರಿಂದ ಮಧ್ಯಾಹ್ನವೇ ಊರಾಚೆಯ ಆಲೆಮನೆಗೆ ಗೋಣಿತಾಟು ಕಟ್ಟಿ ಕತ್ತಲೆ ಮಾಡಿದೆವು. ಗಂಡಸರು ಗದ್ದೆಯಲ್ಲಿದ್ದರು. ಬಂದವರೆಲ್ಲ ಹೆಂಗಸರು. ಹಗಲು ಹೊತ್ತು ಚಿತ್ರ ಎಂಬ ಕುತೂಹಲಕ್ಕೆ ಬಂದರೇ ಹೊರತು ನಮ್ಮ ಮೇಲಿನ ನಂಬಿಕೆಯಿಂದಲ್ಲ. ಆ ತಾಯಿಯೂ ಬಂದು ಹಿಂದೆ ನಿಂತಳು. ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಳು.

ಅವತ್ತು ನಾನು ಯಂತ್ರ ನೋಡಲಿಲ್ಲ, ಪರದೆ ನೋಡಿದೆ. ನೀರು ಬಂತು, ಸೊಳ್ಳೆ ಬಂತು, ಡಾಕ್ಟರು ಬಂದರು. ಬಳೆಗೈಗೆ ಗುಳಿಗೆ ಬಿತ್ತು, ಮುಷ್ಟಿ ಮುಚ್ಚಿತು. ಬೆಸುಗೆ ಟಕ್ಕೆಂದು ದಾಟಿತು. ಪರದೆಯ ತುಂಬ ಒಂದು ಕೈ ತೆರೆದುಕೊಂಡು ಏನನ್ನೋ ಕೆಳಗೆ ಚೆಲ್ಲಿತು.

"ಅದು ಅವ್ಳ್ ಕೈಯಲ್ಲ ಕಣಮ್ಮ" ಎಂದಳು ಮುಂದೆ ಕೂತಿದ್ದ ಒಬ್ಬ ಹೆಂಗಸು.

ಅದು ನನಗೆ ಹೊಳೆದೇ ಇರಲಿಲ್ಲ. ಮಸೂರ ಹಿಡಿದು ಬುಟ್ಟಿಯ ಅಂಚು ಹುಡುಕಿದವನು ಮುಂಗೈ ನೋಡಿರಲಿಲ್ಲ. ತಾಯಿಯ ಕೈತುಂಬ ಬಳೆ. ಈ ಕೈ ಬೋಳು, ನರ ಎದ್ದ ಕೈ.

"ಬಳೆನೇ ಇಲ್ವಲ್ಲೇ. ಮುಂಡೆ ಕೈ ಅದು" ಎಂದಳು ಇನ್ನೊಬ್ಬಳು. ಆಮೇಲೆ ಮೂರು ನಾಲ್ಕು ಕಡೆಯಿಂದ ಒಟ್ಟಿಗೇ ಬಂತು: "ಅತ್ತೆ! ಅತ್ತೆ ಕೈ ಕಣ್ರೇ ಅದು! ಸೊಸೆ ಈಸ್ಕಂಡು ಮಡುಗ್ದುದ್ನ ಅತ್ತೆ ತಗ್ದು ಬಿಸಾಕ್ತಾವ್ಳೆ!"

ಕೂಸಿನ ತಲೆ ಹೊರಳಿದಾಗ ಅವರು ಗೊಳೋ ಎಂದರು. "ಅಯ್ಯೋ ಪಾಪಿ, ಮೊಮ್ಮಗೀನ ತಿಂದ್ಕಂಡ್ಲಲ್ಲ" ಎಂದು ಯಾರೋ ಪರದೆಗೆ ನೆಟಿಕೆ ಮುರಿದರು. ನಾನು ತಿರುಗಿ ಹಿಂದೆ ನೋಡಿದೆ. ಆ ತಾಯಿ ಅಳುತ್ತಿರಲಿಲ್ಲ. ಬಾಯಿ ಅರ್ಧ ತೆರೆದು ನಿಂತಿದ್ದಳು. ಸುತ್ತಲಿನ ಹೆಂಗಸರು ಒಬ್ಬೊಬ್ಬರಾಗಿ ಅವಳ ಕಡೆ ತಿರುಗಿದರು. ಅವಳು ಗೋಣಿತಾಟು ಸರಿಸಿಕೊಂಡು ಹೊರಟುಹೋದಳು.

ಚಿತ್ರ ಮುಗಿಯುವ ಮೊದಲೇ ಅವಳು ಕೂಸನ್ನು ಸೊಂಟಕ್ಕೇರಿಸಿಕೊಂಡು ಚಾವಡಿಗೆ ಬಂದು, ಡಾಕ್ಟರ ಮೇಜಿನ ಮೇಲೆ ಅಂಗೈ ಚಾಚಿದ್ದಳಂತೆ. "ಎಂಗ್ ಕೊಡ್ಬೇಕು ಏಳಿ ಸ್ವಾಮಿ. ನಾನೇ ಕೊಡ್ತೀನಿ. ಇನ್ಯಾರ್ ಕೈಗೂ ಕೊಡಾಕಿಲ್ಲ." ಮೊದಲ ಗುಳಿಗೆ ಅಲ್ಲೇ, ಬೆಲ್ಲದ ಚೂರಿನ ಜೊತೆ ಒಳಗೆ ಹೋಯಿತು. ಅವಳ ಹಿಂದೆ ಊರಿನ ಹೆಂಗಸರೆಲ್ಲ ಸಾಲು ನಿಂತರು. ಡಾಕ್ಟರು ಗೆದ್ದವರಂತೆ ನನ್ನ ಬೆನ್ನು ತಟ್ಟಿದರು. ನನಗೆ ಗೆಲುವೂ ಅನ್ನಿಸಲಿಲ್ಲ, ಸೋಲೂ ಅನ್ನಿಸಲಿಲ್ಲ, ಬರೀ ಭಯವಾಯಿತು.

ಮಳವಳ್ಳಿಯಲ್ಲಿ ಮೂರು ದಿನ. ಹೊತ್ತು ಮೀರಿ ಗುಳಿಗೆ ಕೊಟ್ಟರೆ ಉಳಿಯುವುದಿಲ್ಲ ಎಂದಿದ್ದರಲ್ಲ ಡಾಕ್ಟರು. ಈ ಕೂಸಿಗೂ ಹೊತ್ತು ಮೀರಿದ್ದರೆ? ಅವರನ್ನು ಕೇಳಿದರೆ "ದೇವರಿದ್ದಾನೆ" ಎಂದರು. ಡಾಕ್ಟರು ದೇವರ ಹೆಸರೆತ್ತಿದ್ದು ನಾನು ಕೇಳಿದ್ದು ಅದೇ ಮೊದಲು.

ನಾಲ್ಕನೆಯ ದಿನ ಹೊತ್ತು ಏರುವ ಮೊದಲೇ ವಾಪಸು ಬಂದೆವು. ಕೂಸು ಬಾಗಿಲಲ್ಲಿ ಕೂತು ಮುದ್ದೆ ಮುರಿದು ಸಾರಿಗೆ ಅದ್ದುತ್ತಿತ್ತು. ಜ್ವರ ಒಂದು ಸಲ ಬಂದು, ಎರಡನೆಯ ಸಲ ಬರಲಿಲ್ಲವಂತೆ. ನಾನು ಅಲ್ಲೇ ಜಗಲಿ ಹಿಡಿದು ಕೂತುಬಿಟ್ಟೆ. ಡಾಕ್ಟರು ಒಳಗೆ ಹೋದರು.

ಅತ್ತೆ ಒಳಗಿರಲಿಲ್ಲ. ಕೊಟ್ಟಿಗೆಯ ಬದಿಗೆ, ಒಂದು ಚಾಪೆ, ಒಂದು ತಟ್ಟೆ ಇಟ್ಟುಕೊಂಡು ಕೂತಿದ್ದರು. ಸೊಸೆ ಕೂಸನ್ನು ಮುಟ್ಟಗೊಡುತ್ತಿರಲಿಲ್ಲ. ನೀರಿಗೆ ಹೋದರೆ ಬಾವಿಯ ಬಳಿ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಅವರ ಮಗ, ಕೂಸಿನ ಅಪ್ಪ, ನಡುವೆ ಸಿಕ್ಕಿ ಮೂಕನಾಗಿದ್ದ. ಇಷ್ಟೂ ಅವರೇ ಹೇಳಿದರು, ದೂರಿನ ದನಿಯಲ್ಲಲ್ಲ. ಆಮೇಲೆ ಕೇಳಿದರು:

"ಸಾಬ್ರೇ, ಆ ಕೈ ಯಾರ್ದಪ್ಪ?"

ಸುಳ್ಳು ಹೇಳಲು ಆಗಲಿಲ್ಲ. ಸುಟ್ಟ ಮೊಳದಿಂದ ಹಿಡಿದು ಎಲ್ಲ ಹೇಳಿದೆ. ಅದು ಬೇರೆ ಫಿಲ್ಮು, ಯಾರೋ ಬಡ ಹೆಂಗಸು ಗುಂಡಿಗೆ ಗೊಬ್ಬರ ಹಾಕುತ್ತಿದ್ದದ್ದು ಎಂದೆ.

"ಅವ್ಳ್ ಕೈಲಿ ಗುಳ್ಗೆ ಇರ್ನಿಲ್ವಾ?"

"ಇಲ್ಲ ಅಜ್ಜಿ. ಬೂದಿ, ಸಗಣಿ."

"ನಾನ್ ಕುಡುಸ್ದೆ ಕಣಪ್ಪ. ಉಗುಳ್ತಿದ್ದ ಮಗ, ಮೂಗ್ ಇಡ್ದು ಕುಡುಸ್ದೆ. ಒಂದ್ನೂ ಕೆಳುಕ್ಕೆ ಬೀಳುಸ್ನಿಲ್ಲ." ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. ನನಗೂ ಅಳು ಬಂತು. ಈಗಲೇ ಹೋಗಿ ಸೊಸೆಗೆ, ಊರಿಗೆ ಹೇಳಿಬಿಡುತ್ತೇನೆ ಎಂದು ಎದ್ದೆ.

"ಕುಂತ್ಕೊ" ಎಂದರು. "ಏಳ್ಬುಟ್ರೆ ಗುಳ್ಗೆ ನಿಲ್ಸ್ಬುಟ್ಟಾಳಾ?"

ನಿಲ್ಲಿಸಬಹುದು. ಒಮ್ಮೆ ಮೋಸ ಎಂದು ಗೊತ್ತಾದರೆ ಗುಳಿಗೆಯೂ ಮೋಸವೇ. ಹೌದೆಂದು ತಲೆ ಅಲ್ಲಾಡಿಸಿದೆ.

"ಎಲ್ಲಿ ಗಂಟ ನುಂಗ್ಬೇಕಂತೆ?"

"ಸುಗ್ಗಿವರೆಗೂ ವಾರ ವಾರ ಕೊಡಬೇಕು ಅಂತಾರೆ ಡಾಕ್ಟರು."

ಅವರು ಬಾಗಿಲ ಕಡೆ, ಉಣ್ಣುತ್ತಿದ್ದ ಕೂಸಿನ ಕಡೆ ನೋಡಿದರು. "ಅಂಗಾರೆ ಸುಗ್ಗಿ ಗಂಟ ಬಾಯ್ ಮುಚ್ಕಂಡಿರು. ಆಮೇಕೆ ಬಂದು ನೀನೇ ಏಳ್ಬುಡು. ಮುದ್ಕಿ ಸತ್ಗಿತ್ತೋಗ್ಬುಟ್ಟಾಳು ಅಂತ ಬಾಯ್ ಬುಟ್ಟೀಯೆ ಮತ್ತೆ. ನಾನೇನ್ ಸಾಯಾಕಿಲ್ಲ."

ಆ ತಿಂಗಳುಗಳನ್ನು ನಾನು ಹೇಗೆ ಕಳೆದೆನೋ ನನಗೇ ಗೊತ್ತು. ಬೇರೆ ಊರುಗಳಲ್ಲಿ ಆ ಚಿತ್ರ ತೋರಿಸುವಾಗಲೆಲ್ಲ ಹೆಂಗಸರು ಅದೇ ಮಾತಾಡಿದರು, ಬೋಳುಗೈ ಕಂಡೊಡನೆ ಅತ್ತೆ ಎಂದರು. ನಿಡಘಟ್ಟದಲ್ಲಿ ಒಬ್ಬ ಮುದುಕಿ ಎದ್ದು ಹೊರಗೆ ಹೋದದ್ದನ್ನು ನೋಡಿ ಮನಸ್ಸು ತಡೆಯಲಿಲ್ಲ. ಭಾಷಣಕಾರರು ಅಷ್ಟರಲ್ಲಿ ಚೇತರಿಸಿಕೊಂಡಿದ್ದರು. ಅವರಿಗೆ ವಿಷಯ ತಿಳಿಸಿ, ಆ ತುಂಡನ್ನು ಬಿಡಿಸಿ ಗೊಬ್ಬರದ ಫಿಲ್ಮಿಗೇ ಮರಳಿ ಅಂಟಿಸಿದೆ. ಜ್ವರದ ಚಿತ್ರದಲ್ಲಿ ಆ ಜಾಗ ಬಂದಾಗ ದೀಪ ಆರಿಸುತ್ತಿದ್ದೆ. ಕತ್ತಲೆಯಲ್ಲಿ ಅವರು "ತಾಯಿ ಗುಳಿಗೆ ಎಸೆದಳು" ಎಂದು ಎರಡು ಸಲ ಕೂಗುತ್ತಿದ್ದರು. ಆಮೇಲೆ ಮತ್ತೆ ದೀಪ.

ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ಆ ಹಳ್ಳಿಗೆ ಹೋದೆವು. ನಾನು ಗೊಬ್ಬರದ ಫಿಲ್ಮು ಹಾಕಿದೆ. ನಿಜ ಹೇಳಬೇಕೆಂದರೆ ಬಾಯಿಬಿಟ್ಟು ಹೇಳಲು ನನಗೆ ಧೈರ್ಯ ಸಾಲಲಿಲ್ಲ. ಆ ಕೈ ತನ್ನ ಜಾಗದಲ್ಲಿ, ಬುಟ್ಟಿಯ ಜೊತೆ, ಗುಂಡಿಯ ಜೊತೆ ಕಂಡರೆ ಜನರೇ ಅರ್ಥ ಮಾಡಿಕೊಳ್ಳುತ್ತಾರೆ ಎಂದು ಲೆಕ್ಕ ಹಾಕಿದ್ದೆ. ಊರೆಲ್ಲ ಕೂತಿತ್ತು. ಸೊಸೆ ಕೂಸನ್ನು ಮಡಿಲಲ್ಲಿಟ್ಟುಕೊಂಡು ಮುಂದೆ, ಅತ್ತೆ ಹಿಂದೆ ಗೋಡೆ ಬದಿಗೆ. ಕೈ ಬಂತು. ಬುಟ್ಟಿ ಕಂಡಿತು, ಸಗಣಿ ಕಂಡಿತು, ಗುಂಡಿಗೆ ಬಿದ್ದದ್ದೂ ಕಂಡಿತು.

"ನೋಡ್ರೇ ನೋಡ್ರೇ, ಅದೇ ಅತ್ತೆ!" ಎಂದು ಒಬ್ಬಳು ಕೂಗಿದಳು. "ಮೊಮ್ಮಗೀನ ತಿಂದ್ಕಂಡು ಈಗ ಗೊಬ್ರ ಒರ್ತಾವ್ಳೆ, ಆಗ್ಬೇಕು ಅವ್ಳಿಗೆ!"

ಎಲ್ಲರೂ ನಕ್ಕರು. ಒಂದು ಸಲ ಕೂತ ಅರ್ಥವನ್ನು ಎಷ್ಟು ಮೊಳ ಫಿಲ್ಮು ಸುರಿದರೂ ತೊಳೆಯಲಾಗುವುದಿಲ್ಲ ಎಂದು ಆಗ ತಿಳಿಯಿತು. ಯಂತ್ರ ನಿಲ್ಲಿಸಿ, ಗ್ಯಾಸ್‌ಲೈಟು ಹೊತ್ತಿಸಿ, ಪರದೆಯ ಎದುರಿಗೆ ಹೋಗಿ ನಿಂತೆ. ಮದ್ದೂರಿನಲ್ಲಿ ಸುಟ್ಟದ್ದು, ಕತ್ತರಿಸಿದ್ದು, ಕದ್ದು ಅಂಟಿಸಿದ್ದು, ಒಂದನ್ನೂ ಬಿಡದೆ ಹೇಳಿದೆ. ಆ ಕೈ ಯಾವ ಅತ್ತೆಯದೂ ಅಲ್ಲ, ಈ ಮನೆಯ ಹುಡುಗನಿಗೆ ಅಜ್ಜಿ ಹೊತ್ತುಹೊತ್ತಿಗೂ ಗುಳಿಗೆ ಕುಡಿಸಿದ್ದರು, ಮದ್ದು ಬಂದದ್ದೇ ತಡವಾಗಿತ್ತು, ತಪ್ಪು ನನ್ನದು ಎಂದೆ. ಡಾಕ್ಟರು ಎದ್ದು ಹೌದೆಂದರು.

"ಲೇ ಸಾಬಣ್ಣ, ಅಂಗಾರೆ ನಾವ್ ನುಂಗಿದ್ದು?" ಎಂದ ಒಬ್ಬ ಗಂಡಸು.

"ಅದು ನಿಜವಾದ ಮದ್ದೇ. ಕೂಸು ಎದುರಿಗೇ ಇದೆಯಲ್ಲ" ಎಂದೆ. ಎಲ್ಲರೂ ಕೂಸಿನ ಕಡೆ ನೋಡಿದರು. ಸೊಸೆ ಮುಖ ಎತ್ತಲಿಲ್ಲ.

ಹಿಂದಿನಿಂದ ಅತ್ತೆ ಎದ್ದರು. "ಎಲ್ರೂ ಕೇಳುಸ್ಕಂಡ್ರಾ?" ಎಂದು ಕೇಳಿದರು. ಅವರು ಜನರ ನಡುವೆ ದಾರಿ ಮಾಡಿಕೊಂಡು ಸೊಸೆಯ ಬಳಿಗೆ ಬಂದು ಬಗ್ಗಿದರು. "ಮಂಜು ಬೀಳ್ತಾ ಅದೆ, ಕೂಸ್ನ ಇತ್ಲಾಗ್ ಕೊಡವ್ವ" ಎಂದರು.

ಸೊಸೆ ನಿದ್ದೆ ಹೋಗಿದ್ದ ಕೂಸನ್ನು ಮಡಿಲಿನಿಂದ ಎತ್ತಿ ಅತ್ತೆಯ ಕೈಗೆ ಕೊಟ್ಟಳು.